ಮೆಣಸು ಪೆನ್ಸಿಲ್ ಬಿಟ್ಟದ್ದು

ಜೂನ್ ೬

ಅಪ್ಪಾ,

ಸುಖವಾಗಿ ತಲುಪಿದೆ. ಹಾಸ್ಟೆಲಿನ ಕೋಣೆ ನಮ್ಮ ಅಡುಗೆಮನೆಯಷ್ಟಿದೆ, ಅದರಲ್ಲಿ ಮೂವರು ಹೆಂಗಸರು. ಉಳಿದಿಬ್ಬರೂ ಬಂದರಿನ ಕಚೇರಿಯವರು. ಕ್ರೇನ್ ನಡೆಸಲು ಬಂದವಳು ನಾನೊಬ್ಬಳೇ. ಮೊದಲ ದಿನವೇ ತರಬೇತಿಯ ಮೇಷ್ಟ್ರು ಕೇಳಿದರು, “ಎತ್ತರ ಅಂದ್ರೆ ಹೆದರಿಕೆಯೇನಮ್ಮ?” “ಇಲ್ಲ ಸಾರ್, ಕೆಳಗೆ ನಿಂತಿರೋರನ್ನ ಕಂಡ್ರೆ ಹೆದರಿಕೆ” ಅಂದೆ. ನಮ್ಮ ತಂಡದ ಹನ್ನೊಂದು ಗಂಡಸರೂ ಎರಡೆರಡು ಹೆಜ್ಜೆ ಹಿಂದೆ ಸರಿದರು.

ಹಡಗಿನಿಂದ ಸರಕಿನ ಪೆಟ್ಟಿಗೆ ಇಳಿಸುವುದು ನನ್ನ ಕೆಲಸ ಅಂತ ನೀನು ಬೀದಿಯವರಿಗೆಲ್ಲ ಹೇಳಿದ್ದೀಯಲ್ಲ, ಇನ್ನೂ ಮೂರು ತಿಂಗಳು ಪೆಟ್ಟಿಗೆಯನ್ನು ಮುಟ್ಟಲೂ ಬಿಡುವುದಿಲ್ಲವಂತೆ. ಕೊಕ್ಕೆಗೆ ಕಬ್ಬಿಣದ ಗುಂಡು ಕಟ್ಟಿ, ನೆಲದ ಮೇಲೆ ಬಳಿದ ಗೆರೆಯ ಮೇಲೇ ಅದನ್ನು ಓಡಿಸಬೇಕು. ನೆಟ್ಟಗಿನ ಗೆರೆ, ಓರೆ ಗೆರೆ, ಅರ್ಧ ಚಂದ್ರ. ಇವತ್ತು ನನ್ನ ಅರ್ಧ ಚಂದ್ರ ಹೋಗಿ ಒಂದು ಡ್ರಮ್ಮಿಗೆ ಬಡಿಯಿತು. ನಿನ್ನ ಮೊಮ್ಮಗಳು ಮೆಣಸಿಗೆ ಹೇಳು, ಅವಳ ಅಮ್ಮನೂ ಅವಳ ಹಾಗೆ ಒಂದನೇ ತರಗತಿಯಲ್ಲೇ ಇದ್ದಾಳೆ ಅಂತ.

ಹತ್ತು ತಿಂಗಳ ಮಟ್ಟಿಗೆ ಆರು ವರ್ಷದ ಮಗಳನ್ನು ನಿನ್ನ ಕೈಗೆ ಒಪ್ಪಿಸಿದ್ದೇನೆ. ಆದ್ದರಿಂದ ಎರಡು ಮಾತು. ಒಂದು, ಮೆಣಸು ಫೋನಿನಲ್ಲಿ ಏನು ಕೇಳಿದರೂ ತಲೆಯಾಡಿಸುತ್ತಾಳೆ. ತಲೆಯಾಡಿಸಿದ್ದು ನನಗೆ ಕೇಳಿಸುವುದಿಲ್ಲ. ಅದಕ್ಕೇ ಕಾಗದ ಬರೆಯುತ್ತೇನೆ. ಅವಳ ಟೀಚರ್ ಕೂಡ ಹೇಳಿದ್ದರು, “ಮನೇಲಿ ದೊಡ್ಡೋರು ಓದೋದು, ಬರೆಯೋದು ಕಂಡ್ರೆ ಮಕ್ಕಳಿಗೆ ಅಕ್ಷರ ಬೇಗ ಹತ್ತುತ್ತೆ.” ನನ್ನ ಪ್ರತಿ ಕಾಗದವನ್ನೂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪದದ ಕೆಳಗೆ ಬೆರಳಿಟ್ಟು ಜೋರಾಗಿ ಓದು. ಒಂದು ಪದವನ್ನೂ ಬಿಡಬೇಡ. ಎರಡು, ನಿನ್ನ ಅಂಗಡಿ ಬೋರ್ಡು ಬರೆಯುವ ವಿದ್ಯೆಯನ್ನು ಈಗಲೇ ಅವಳಿಗೆ ಕಲಿಸಬೇಡ. ಮೊದಲು ಎಲ್ಲ ಮಕ್ಕಳ ಹಾಗೆ ಬರೆಯಲಿ.

ನಿನ್ನ ಮಗಳು


ಜೂನ್ ೧೯

ಮಗಳೇ,

ಕಾಗದ ಬಂತು. ಪದ ಬಿಡದೆ ಓದಿದೆ, ಬೆರಳಿಟ್ಟೇ ಓದಿದೆ. “ಬೋರ್ಡು ಬರೆಯುವ ವಿದ್ಯೆ ಕಲಿಸಬೇಡ” ಅನ್ನುವ ಸಾಲಿಗೆ ಬಂದಾಗ ನಿನ್ನ ಮಗಳು ನನ್ನ ಮುಖ ನೋಡಿ, “ಅಂದ್ರೆ ಏನಜ್ಜ? ತೋರಿಸು” ಅಂದಳು. ತೋರಿಸದೆ ಹೇಗೆ ವಿವರಿಸಲಿ? ಆದ್ದರಿಂದ ತಪ್ಪು ನಿನ್ನದು.

ನಲವತ್ತು ವರ್ಷ ಈ ಊರಿನ ಅಂಗಡಿಗಳಿಗೆಲ್ಲ ಹೆಸರು ಬರೆದವನು ನಾನು. ಹಲ್ಲಿನ ಡಾಕ್ಟರಿಂದ ಹಿಡಿದು ಹಳೆ ಟೈರಿನವನವರೆಗೂ ನನ್ನ ಅಕ್ಷರದ ಕೆಳಗೇ ಕೂತು ಉಂಡವರು. ಅಂಥವನ ಮೊಮ್ಮಗಳು ಕಾಗೆಕಾಲು ಗುಬ್ಬಿಕಾಲು ಬರೆದರೆ ಬೀದಿಯಲ್ಲಿ ತಲೆ ಎತ್ತಿ ನಡೆಯುವುದು ಹೇಗೆ? ದಾರಕ್ಕೆ ಸುಣ್ಣದ ಪುಡಿ ಹಚ್ಚಿ, ಗೋಡೆಗೆ ಎಳೆದು ಹಿಡಿದು, ಟಪ್ ಅಂತ ಬಿಟ್ಟು ಗೆರೆ ಹೊಡೆಯುವುದನ್ನು ತೋರಿಸಿದೆ. ಅವಳಿಗೆ ಹುಚ್ಚೇ ಹಿಡಿಯಿತು. ಹಿತ್ತಿಲ ಗೋಡೆ, ನೀರಿನ ತೊಟ್ಟಿ, ಕಡೆಗೆ ಮಲಗಿದ್ದ ನನ್ನ ಬೆನ್ನಿನ ಮೇಲೂ ಗೆರೆ. ಆಮೇಲೆ ಅಗಲ ಬ್ರಷ್ಷು, ಬಕೆಟ್ಟಿನಲ್ಲಿ ನೀರು. ಬಿಸಿಲಿಗೆ ಕಾದ ನೆಲದ ಮೇಲೆ ನೀರಿನಲ್ಲಿ ಬರೆಯುತ್ತಾಳೆ, ಒಣಗಿದರೆ ಮತ್ತೆ ಬರೆಯುತ್ತಾಳೆ. ಒಂದೇ ವಾರದಲ್ಲಿ ಹದಿನೇಳು ಅಕ್ಷರ ಬಂದಿವೆ. ನಿನ್ನೆ “ಅಮ್ಮ” ಅಂತ ಬರೆದಳು. ಒತ್ತಕ್ಷರಕ್ಕೆ ಜಾಗ ಸಾಲದೆ ಅದು ಪಕ್ಕದ ಮನೆಯವರ ಮೆಟ್ಟಿಲ ಮೇಲೆ ಇಳಿಯಿತು.

ಇನ್ನು ಆ ಟೀಚರ್ ವಿಷಯ. ಒಳ್ಳೆಯ ಹೆಣ್ಣುಮಗಳು, ಆದರೆ ಶಾಲೆಯ ಕಿಟಕಿಯಿಂದ ನೋಡಿದೆ, ಬೋರ್ಡಿನ ಮೇಲೆ ಅವರ ಸಾಲು ಬಲಕ್ಕೆ ಹೋದಂತೆ ಮೇಲಕ್ಕೇರುತ್ತದೆ. ಹೇಳಿದೆ. ಅವರಿಗೆ ಹಿಡಿಸಲಿಲ್ಲ.

ಅಪ್ಪ


ಜುಲೈ ೪

ಅಪ್ಪಾ,

ಟೀಚರ್ ಫೋನ್ ಮಾಡಿದ್ದರು. ತರಗತಿಯಲ್ಲಿ ಉಳಿದ ಮಕ್ಕಳು ಒಂದು ಪುಟ ಬರೆಯುವಷ್ಟರಲ್ಲಿ ಮೆಣಸು ಒಂದೇ ಅಕ್ಷರ ಬರೆದಿರುತ್ತಾಳಂತೆ. ಮೊದಲು ಅದರ ಹೊರಗೆರೆ ಎಳೆಯುತ್ತಾಳೆ, ಆಮೇಲೆ ಒಳಗೆ ಬಣ್ಣ ತುಂಬುತ್ತಾಳೆ, ಆಮೇಲೆ ಬಲಗಡೆ ನೆರಳು ಕೊಡುತ್ತಾಳೆ! “ಬೇಗ ಬರಿ ಪುಟ್ಟಾ” ಅಂದರೆ “ಇನ್ನೂ ಮೊದಲನೇ ಕೋಟು ಒಣಗಿಲ್ಲ ಮಿಸ್” ಅಂದಳಂತೆ. ನನಗೆ ಹೇಳದೆ ಇನ್ನೇನೇನು ಕಲಿಸಿದ್ದೀಯ?

ನನಗೆ ನಗು ಬರುತ್ತಿಲ್ಲ ಅಪ್ಪ. ನಿನ್ನೆ ಕೋಣೆಯ ಹೆಂಗಸೊಬ್ಬಳು ಕೇಳಿದಳು, “ಅಷ್ಟು ಚಿಕ್ಕ ಮಗೂನ ಬಿಟ್ಟು ಹೇಗ್ರೀ ಬಂದ್ರಿ?” ಎದ್ದು ಬಟ್ಟೆ ಒಗೆಯಲು ಹೋದೆ, ಒಗೆದದ್ದನ್ನೇ ಮತ್ತೆ ಒಗೆದೆ. ಕ್ರೇನಿನ ಹುಚ್ಚಿನಲ್ಲಿ ಮಗಳ ಓದು ಬರಹ ಹಾಳು ಮಾಡಿದಳು ಅನ್ನುವ ಮಾತನ್ನು ನಾಳೆ ನನ್ನಿಂದ ಹೊರಲಾಗದು.

ಅದಕ್ಕೇ ತೀರ್ಮಾನ ಮಾಡಿದ್ದೇನೆ, ಕೇಳು. ಅಕ್ಟೋಬರ್ ಮುಗಿಯುವುದರೊಳಗೆ ಮೆಣಸು ತನ್ನ ಕೈಯಾರೆ, ಎಲ್ಲರ ಹಾಗೆ, ನನಗೆ ನಾಲ್ಕು ಸಾಲಿನ ಕಾಗದ ಬರೆಯಬೇಕು. ಬರೆಯದಿದ್ದರೆ ನಾನು ಈ ತರಬೇತಿ ಬಿಟ್ಟು ಮನೆಗೆ ಬಂದುಬಿಡುತ್ತೇನೆ. ಇದು ಬಾಯಿಮಾತಲ್ಲ, ಆಣೆ ಮಾಡಿ ಹೇಳುತ್ತಿದ್ದೇನೆ.

ನಿನ್ನ ಮಗಳು


ಜುಲೈ ೨೫

ಮಗಳೇ,

ನಿನ್ನ ಕಾಗದ ಓದಿದೆ. ಓದಿದ್ದಷ್ಟೇ ಅಲ್ಲ, ಮೆಣಸು ಅದನ್ನು ಮೂರು ಸಲ ಓದಿಸಿದಳು. ನಿನ್ನ ಮೇಲೆ ಅಷ್ಟು ಪ್ರೀತಿ ಮಗುವಿಗೆ. ಆದರೆ ಏನು ಹೇಳಲಿ, ಅದೇ ವಾರದಿಂದ ಅವಳ ಕೈಗೆ ಏನೋ ಆಗಿದೆ.

ಪೆನ್ಸಿಲ್ ಹಿಡಿಯುವುದಿಲ್ಲ. ಹಿಡಿದರೆ ಬೀಳುತ್ತದೆ. ಎತ್ತಿ ಕೊಟ್ಟರೆ ಕಳೆಯುತ್ತದೆ. ಈವರೆಗೆ ಹದಿನಾಲ್ಕು ಪೆನ್ಸಿಲ್. “ಕೈ ನೋಯ್ತಿದೆ ಅಜ್ಜ” ಅನ್ನುತ್ತಾಳೆ, ಅದೇ ಕೈಯಲ್ಲಿ ಪೇರಲ ಮರ ಹತ್ತುತ್ತಾಳೆ. ನಿನ್ನ ಮಾತಿಗೆ ಬೆಲೆ ಕೊಟ್ಟು ಬ್ರಷ್ಷು, ದಾರ, ಬಣ್ಣ ಎಲ್ಲ ಅಟ್ಟಕ್ಕೇರಿಸಿ, ಬಾಯಿ ಮುಚ್ಚಿಕೊಂಡು ಟೀಚರ್ ಹತ್ತಿರ ಹೋಗಿ ಕೂತೆ. ಒಂದನೇ ತರಗತಿಯ ಬೆಂಚಿನಲ್ಲಿ. ಎದ್ದೇಳಲು ಇಬ್ಬರು ಬೇಕಾದರು.

ಅವರು ಹೇಳಿದರು, “ಬರವಣಿಗೆ ಅನ್ನೋದು ಪೆನ್ಸಿಲಿನಿಂದ ಶುರುವಾಗಲ್ಲ ಅಜ್ಜಾ, ಬೆರಳಿನ ಬಲದಿಂದ ಶುರುವಾಗುತ್ತೆ. ಹಿಟ್ಟು ನಾದಿಸಿ, ಕಾಗದ ಹರಿಸಿ, ಮಣಿ ಪೋಣಿಸಿ. ಬಲವಂತ ಮಾತ್ರ ಬೇಡ.” ಸರಿ, ಶುರುಮಾಡಿದೆವು. ಹಿಟ್ಟು ನಾದಿದಳು, ಅಕ್ಕಪಕ್ಕದ ಮೂರು ಮನೆಗೆ ಸಾಲುವಷ್ಟು. ಕಾಗದ ಹರಿದಳು, ಅದರಲ್ಲಿ ನನ್ನ ಕನ್ನಡಕದ ಚೀಟಿಯೂ ಹೋಯಿತು. ಬಟ್ಟೆ ಒಣಹಾಕುವ ಕ್ಲಿಪ್ಪುಗಳನ್ನು ಒತ್ತಿ ತೆಗೆಯುವ ಆಟ ಬೆರಳಿಗೆ ಒಳ್ಳೆಯದಂತೆ. ಅವನ್ನೆಲ್ಲ ನನ್ನ ಕಿವಿಗೆ ಹಾಕಿದಳು. ತಟ್ಟೆಯಲ್ಲಿ ಮರಳು ಹರವಿ ಬೆರಳಿನಲ್ಲಿ ಬರೆ ಅಂದರೆ ಒಂದು ಬೆಕ್ಕು ಬಿಡಿಸಿ, ಅದಕ್ಕೆ ಮೀಸೆ ಇಟ್ಟು, “ಇದು ನೀನು” ಅಂದಳು.

ಕಣ್ಣಿನ ದೋಷವಿರಬಹುದೆಂದು ಕಣ್ಣಿನ ಡಾಕ್ಟರಿಗೂ ತೋರಿಸಿದೆ. ಗೋಡೆಯ ಮೇಲಿನ ಹಲಗೆಯ ಕೊನೆಯ ಸಾಲಿನವರೆಗೂ ಗಡಗಡ ಓದಿದಳು. ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಅಚ್ಚಿನ ಮನೆಯ ವಿಳಾಸವಿತ್ತು, ಅದನ್ನೂ ಓದಿದಳು. ಡಾಕ್ಟರು ನನ್ನ ಕಣ್ಣನ್ನು ಪರೀಕ್ಷೆ ಮಾಡಿ ಹೊಸ ಕನ್ನಡಕ ಬರೆದುಕೊಟ್ಟರು.

ಗುಡ್ಡ ಅಗೆದರೂ ಇಲಿಯೂ ಸಿಕ್ಕಲಿಲ್ಲ. ಆದರೂ ಹೆದರಬೇಡ, ಅಕ್ಟೋಬರ್ ಇನ್ನೂ ದೂರವಿದೆ.

ಅಪ್ಪ


ಆಗಸ್ಟ್ ೧೬

ಮಗಳೇ,

ನಾನು ಹೇಳಿರಲಿಲ್ಲವೇ? ಬರೆದಳು! ಇದರ ಜೊತೆಗಿದೆ, ನೀನೇ ನೋಡು. ನನಗೆ ಹೇಳಲು ಮಾತೇ ಬರುತ್ತಿಲ್ಲ, ಆದ್ದರಿಂದ ಇಲ್ಲಿಗೆ ನಿಲ್ಲಿಸುತ್ತೇನೆ.

ಅಪ್ಪ

(ಜೊತೆಗಿದ್ದ ಹಾಳೆ)

ಪ್ರೀತಿಯ ಅಮ್ಮನಿಗೆ, ನಾನು ಕ್ಷೇಮ. ಅಜ್ಜ ನನ್ನನ್ನು ಬಹಳ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ. ನನಗೆ ಬರವಣಿಗೆ ಪೂರ್ತಿಯಾಗಿ ಬಂದಿರುವ ಕಾರಣ, ತಾವು ತರಬೇತಿಯನ್ನು ಮುಗಿಸಿಕೊಂಡೇ ಬರಬೇಕಾಗಿ ವಿನಂತಿ. ಇಂತಿ ನಿನ್ನ ಮಗಳು ಮೆಣಸು.


ಆಗಸ್ಟ್ ೨೭

ಅಪ್ಪಾ,

ಮೆಣಸಿನ ಕಾಗದ ತಲುಪಿತು. ಆರು ವರ್ಷದ ಕೂಸು ಹಾಳೆಯ ನಾಲ್ಕೂ ಕಡೆ ಅಳತೆಗೋಲಿಟ್ಟ ಹಾಗೆ ಒಂದೂವರೆ ಇಂಚು ಅಂಚು ಬಿಟ್ಟಿದೆ. ಅಕ್ಷರ ಸೊಟ್ಟಗಿವೆ ನಿಜ, ಆದರೆ ಎಲ್ಲವೂ ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ಸೊಟ್ಟಗಿವೆ. ತನ್ನ ಅಮ್ಮನನ್ನು “ತಾವು” ಅಂದಿದೆ. “ಬರಬೇಕಾಗಿ ವಿನಂತಿ” ಅಂದಿದೆ. ಚರಂಡಿ ಸರಿಮಾಡಿಸಿ ಅಂತ ವರ್ಷ ವರ್ಷ ಅರ್ಜಿ ಬರೆಯುವವರು ನಮ್ಮ ಮನೆಯಲ್ಲಿ ಒಬ್ಬರೇ.

ಎಡಗೈಯಲ್ಲಿ ಬರೆದೆ ತಾನೆ?

ನೀನು ಸುಳ್ಳು ಬರೆಯುವ ಮಟ್ಟಕ್ಕೆ ಬಂದಿದ್ದೀಯ ಅಂದರೆ ಅಲ್ಲಿ ಪರಿಸ್ಥಿತಿ ನಿಜಕ್ಕೂ ಕೆಟ್ಟಿದೆ ಅಂತ ಅರ್ಥ. ನನಗೀಗ ಮೊದಲಿಗಿಂತ ಹೆಚ್ಚು ಹೆದರಿಕೆಯಾಗಿದೆ. ಇವತ್ತು ಗುಂಡು ಗೆರೆಯನ್ನು ಏಳು ಸಲ ದಾಟಿತು. ಮೇಷ್ಟ್ರು ಕೆಳಗಿನಿಂದ ಕೂಗಿದರು, “ಏನಮ್ಮಾ, ಗೆರೆ ಕಾಣ್ತಿದ್ಯಾ, ಮನೆ ಕಾಣ್ತಿದ್ಯಾ?”

ನಿನಗಿದು ಶಿಕ್ಷೆ: ಈ ಕಾಗದವನ್ನೂ ಪದ ಬಿಡದೆ ಓದು.

ನಿನ್ನ ಮಗಳು


ಸೆಪ್ಟೆಂಬರ್ ೮

ಮಗಳೇ,

ಓದಿದೆ. “ಎಡಗೈಯಲ್ಲಿ ಬರೆದೆ ತಾನೆ” ಅನ್ನುವಲ್ಲಿ ನಿನ್ನ ಮಗಳು ನಕ್ಕು ನಕ್ಕು ಚಾಪೆಯಿಂದ ನೆಲಕ್ಕೆ ಉರುಳಿದಳು. ಬರೆಯಲಿಕ್ಕೆ ಬಲವಿಲ್ಲ, ನಗಲಿಕ್ಕೆ ಮಾತ್ರ ಆನೆಯ ಬಲ.

ಹೌದು, ಎಡಗೈಯಲ್ಲೇ ಬರೆದೆ. ಮೂರು ದಿನ ಬರೆದೆ. ಬಾಗಿಲು ಹಾಕಿಕೊಂಡು, ಬೋರ್ಡು ಬರೆಯುವಾಗ ಕೈ ಊರುವ ಕೋಲು ಹಿಡಿದು, ಪೆನ್ಸಿಲಿನಲ್ಲಿ ಗೆರೆ ಹಾಕಿ, ಆಮೇಲೆ ಅಳಿಸಿ. ಕೆಟ್ಟದಾಗಿ ಬರೆಯುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಿಲ್ಲ.

ಯಾಕೆ ಬರೆದೆ ಅಂತಲೂ ಕೇಳು. ಅಳಿಯ ತೀರಿಹೋಗಿ ಮೂರು ವರ್ಷವಾಯಿತು. ಆ ಮೂರು ವರ್ಷದಲ್ಲಿ ನೀನು ಬಾಯ್ತುಂಬ ನಕ್ಕದ್ದನ್ನು ನಾನು ಕಂಡದ್ದು ಒಂದೇ ದಿನ, ಕ್ರೇನ್ ತರಬೇತಿಗೆ ಆಯ್ಕೆಯಾಗಿದೆ ಅಂತ ಕಾಗದ ಬಂದ ದಿನ. ನೀನು ಅದನ್ನು ಬಿಟ್ಟು ಬಂದು ಮತ್ತೆ ಆ ಗೋದಾಮಿನ ಕತ್ತಲೆಯಲ್ಲಿ ಚೀಟಿ ಅಂಟಿಸುತ್ತ ಕೂರುವುದನ್ನು ನೋಡಲು ನನ್ನಿಂದಾಗದು. ಅದಕ್ಕಾಗಿ ಎಡಗೈಯಲ್ಲ, ಕಾಲಲ್ಲಿ ಬೇಕಾದರೂ ಬರೆದೇನು. ನಾನು ಮಾಡಿದ್ದು ತಪ್ಪು. ಆದರೆ ನಿನ್ನ ಆಣೆಯೂ ತಪ್ಪೇ.

ಅಪ್ಪ


ಸೆಪ್ಟೆಂಬರ್ ೩೦

ಮಗಳೇ,

ನಿನ್ನಿಂದ ಕಾಗದವಿಲ್ಲ. ಸಿಟ್ಟು ಇಳಿದಿಲ್ಲ ಅಂತ ಕಾಣುತ್ತದೆ. ಇಳಿಯದಿದ್ದರೂ ಪರವಾಗಿಲ್ಲ, ಈ ಸುದ್ದಿ ಕೇಳು.

ಮೊನ್ನೆ ಟೀಚರ್ ಹೇಳಿಕಳಿಸಿದರು. ಹೋದರೆ ಅವರ ಮುಖ ಕೆಂಪಾಗಿತ್ತು. ಮೇಜಿನ ಮೇಲೆ ಇಪ್ಪತ್ತೆರಡು ಮಕ್ಕಳ ಊಟದ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ಪ್ರತಿ ಡಬ್ಬಿಯ ಮುಚ್ಚಳದ ಮೇಲೂ ಶಾಲೆಯ ಬಣ್ಣದಲ್ಲಿ ಆಯಾ ಮಗುವಿನ ಹೆಸರು. ದುಂಡಗೆ, ನೇರವಾಗಿ, ಬಲಗಡೆ ನೆರಳು ಸಮೇತ. “ಅಜ್ಜಾ, ನಿಮ್ಮ ಕಲೆ ದೊಡ್ಡದು, ಒಪ್ಪಿದೆ. ಆದ್ರೆ ಶಾಲೆಗೆ ಬಂದು ಹೀಗೆ ಡಬ್ಬಿ ಮೇಲೆಲ್ಲಾ ಬರೆಯೋದು ಸರೀನಾ?” ಅಂದರು. ನನಗೂ ಸಿಟ್ಟು ಬಂತು. “ನಾನು ಶಾಲೆ ಒಳಗೆ ಕಾಲಿಟ್ಟಿದ್ದು ಆ ಬೆಂಚಿಗೆ ಸಿಕ್ಕಿಹಾಕಿಕೊಂಡ ದಿನ ಮಾತ್ರ” ಅಂದೆ. ಮಾತಿಗೆ ಮಾತು ಬೆಳೆಯಿತು. ಅವರ ಬೋರ್ಡಿನ ಸಾಲು ಮೇಲಕ್ಕೇರುವ ವಿಷಯವೂ ಮತ್ತೆ ಬಂತು.

ಆಮೇಲೆ ಒಂದು ಡಬ್ಬಿಯನ್ನು ಕೈಗೆತ್ತಿಕೊಂಡು ಹೊಸ ಕನ್ನಡಕದಲ್ಲಿ ನೋಡಿದೆ. ನನ್ನ ಕೈಯಲ್ಲ. ನನ್ನ ತಲೆಕಟ್ಟಿಗೆ ಕೊನೆಯಲ್ಲಿ ಕೊಕ್ಕೆಯಿರುತ್ತದೆ, ಇದಕ್ಕೆ ಬೆಕ್ಕಿನ ಬಾಲದ ಹಾಗೆ ಒಂದು ಸುರುಳಿ ಇತ್ತು. ಇನ್ನೊಂದು ಡಬ್ಬಿ ತೆಗೆದು ನೋಡಿದೆ, ಅದರಲ್ಲೂ ಅದೇ ಬಾಲ. ಬಲ ಎಷ್ಟು ಕೊಡಬೇಕು, ಎಲ್ಲಿ ಎತ್ತಬೇಕು, ಹೆಸರು ಉದ್ದವಾದರೆ ಎಲ್ಲಿಂದ ಕುಗ್ಗಿಸಬೇಕು, ಇವನ್ನು ಕಲಿಯಲು ನನಗೆ ಎರಡು ವರ್ಷ ಹಿಡಿದಿತ್ತು.

ಮನೆಗೆ ಬಂದು ಕೇಳಿದೆ, “ಡಬ್ಬಿ ಮೇಲೆ ಹೆಸರು ಬರೆದಿದ್ದು ನೀನಾ?”

“ಬರೆದಿಲ್ಲ. ಬಿಡಿಸಿದ್ದು.”

“ಅಕ್ಷರ ಬಿಡಿಸೋದೂ ಬರೆಯೋದೂ ಒಂದೇ ಅಲ್ವೇನೇ?”

“ಅಲ್ಲ. ನಂಗೆ ಬರೆಯೋಕೆ ಬರಲ್ಲ ಅಜ್ಜ. ಅಮ್ಮಂಗೆ ಹಾಗೇ ಬರಿ.”

ಪೆನ್ಸಿಲ್ ಕೊಟ್ಟೆ. ಬೀಳಿಸಿದಳು. ಈ ಮಗುವಿನ ಒಳಗೆ ಏನು ನಡೆಯುತ್ತಿದೆಯೋ ನನಗೆ ತಿಳಿಯುತ್ತಿಲ್ಲ. ಟೀಚರಿಗೂ ತಿಳಿಯುತ್ತಿಲ್ಲ. ಈಗ ನಾವಿಬ್ಬರೂ ರಾಜಿಯಾಗಿದ್ದೇವೆ, ಕೂತು ಒಟ್ಟಿಗೆ ತಲೆ ಕೆರೆದುಕೊಳ್ಳುತ್ತೇವೆ.

ಅಪ್ಪ


ಅಕ್ಟೋಬರ್ ೧೧

ಅಪ್ಪಾ,

ಸಿಟ್ಟಿನಿಂದ ಸುಮ್ಮನಿದ್ದದ್ದಲ್ಲ. ಹೇಳಲು ಹಿಂಜರಿದೆ. ಹೋದ ವಾರ ಮೊದಲ ಸಲ ಒಬ್ಬಳೇ ಪೆಟ್ಟಿಗೆ ಇಳಿಸಿದೆ. ಇಪ್ಪತ್ತು ಟನ್. ನೆಲ ಮುಟ್ಟಿದ್ದು ಯಾರಿಗೂ ಕೇಳಿಸಲಿಲ್ಲ. ಹನ್ನೊಂದು ಗಂಡಸರೂ ಚಪ್ಪಾಳೆ ತಟ್ಟಿದರು. ಆ ಎತ್ತರದಲ್ಲಿ ಕೂತು, ಇದು ನನ್ನ ಜಾಗ ಅಂತ ಅನ್ನಿಸಿತು. ಆಮೇಲೆ ಕೆಳಗಿಳಿದು ಬಂದು ರಾಜೀನಾಮೆ ಬರೆದೆ. ದಿನಾಂಕ ಮಾತ್ರ ಖಾಲಿ ಬಿಟ್ಟಿದ್ದೇನೆ. ಬರೆಯುವಾಗ ನನಗೂ ಕೈ ನೋಯಿತು.

ಡಬ್ಬಿಯ ಮೇಲೆ ಹೆಸರು ಬರೆಯುವ ಮಗು ಅಮ್ಮನಿಗೆ ಒಂದು ಸಾಲು ಬರೆಯುವುದಿಲ್ಲ ಅಂದರೆ ತೊಂದರೆ ಕೈಯದ್ದಲ್ಲ, ನನ್ನ ಮೇಲಿನ ಮುನಿಸು. ಬಿಟ್ಟು ಬಂದೆನಲ್ಲ, ಅದಕ್ಕೆ. ಅವಳನ್ನು ಬೈಯಬೇಡ. ಈ ತಿಂಗಳ ಕೊನೆಗೆ ಮಾತಿನಂತೆ ಬರುತ್ತೇನೆ.

ನಿನ್ನ ಮಗಳು


ಅಕ್ಟೋಬರ್ ೧೯

ಮಗಳೇ,

ನಿನ್ನ ಕಾಗದವನ್ನು ಓದುತ್ತಿದ್ದಾಗ “ಮಾತಿನಂತೆ ಬರುತ್ತೇನೆ” ಅನ್ನುವ ಸಾಲಿನಲ್ಲಿ ಮೆಣಸು ನನ್ನ ಬೆರಳನ್ನು ಹಿಡಿದು ಅಲ್ಲೇ ನಿಲ್ಲಿಸಿದಳು. “ಇನ್ನೊಂದ್ಸಲ” ಅಂದಳು. ಓದಿದೆ. “ಇನ್ನೊಂದ್ಸಲ.” ನಂತರ ಎದ್ದು ಹೋಗಿ ಬಾಗಿಲು ಹಾಕಿಕೊಂಡಳು. ಒಂದೂವರೆ ಗಂಟೆ ಬಿಟ್ಟು ಹೊರಬಂದಾಗ ಕೈಯಲ್ಲಿ ಈ ಲಕೋಟೆ. ಹಿಟ್ಟಿನ ಗೋಂದಿನಲ್ಲಿ ಎಂಥ ಗಟ್ಟಿಯಾಗಿ ಅಂಟಿಸಿದ್ದಾಳೆಂದರೆ ನೀನು ಕ್ರೇನ್ ಹಚ್ಚಿಯೇ ತೆರೆಯಬೇಕಾದೀತು. ಮೇಲಿನ ವಿಳಾಸ ನೋಡು, ಅವಳೇ ಬರೆದದ್ದು. ಬರೆದಳೋ ಬಿಡಿಸಿದಳೋ ನಾನು ಕೇಳಲು ಹೋಗಲಿಲ್ಲ.

“ನೀನು ಓದಬಾರದು. ಅಂಚೆ ಪೆಟ್ಟಿಗೆಗೆ ನಾನೇ ಹಾಕ್ತೀನಿ” ಅಂದಳು. ನನ್ನ ಈ ಚೀಟಿಯನ್ನು ಬೇರೆ ಲಕೋಟೆಯಲ್ಲಿ ಹಾಕಬೇಕಂತೆ, ಜೊತೆಗೆ ಸೇರಿಸಿಕೊಳ್ಳುವುದಿಲ್ಲವಂತೆ. ಬಿಸಿಲಿಗೆ ಹಿಡಿದು ನೋಡಲು ಹೋಗಿ ಸಿಕ್ಕಿಬಿದ್ದೆ. ಒಳಗೇನಿದೆಯೋ ಗೊತ್ತಿಲ್ಲ. ನಿನ್ನ ಮೇಲೆ ಮುನಿಸಿದ್ದರೂ ಇರಲಿ, ಬರೆದಳಲ್ಲ! ನಾಲ್ಕು ಸಾಲಿದ್ದರೆ ಆಣೆ ತೀರಿತು, ಎಣಿಸಿ ನೋಡು. ನಿನ್ನ ರಾಜೀನಾಮೆಯನ್ನು ಹರಿದು ಹಾಕು.

ಅಪ್ಪ


ಅಕ್ಟೋಬರ್ ೧೯

ಅಮ್ಮ

ನನಗೆ ಬರೆಯೋಕೆ ಬರಲ್ಲ.

ಒಂದು ಅಕ್ಷರಾನೂ ಬರಲ್ಲ.

ಅಜ್ಜ ಬರುತ್ತೆ ಅಂತಾನೆ. ಟೀಚರ್ ಕೂಡ ಅಂತಾರೆ. ನಂಬಬೇಡ.

ಬರೆಯದಿದ್ದರೆ ಬರ್ತೀನಿ ಅಂದಿದ್ದೆ. ನಾನು ಬರೆದಿಲ್ಲ. ಬಾ.

ಮೆಣಸು


ಅಕ್ಟೋಬರ್ ೨೬

ಅಪ್ಪಾ,

ಇದೊಂದು ಕಾಗದವನ್ನು ಮಾತ್ರ ಜೋರಾಗಿ ಓದಬೇಡ. ಮನಸ್ಸಿನಲ್ಲೇ ಓದಿಕೋ.

ಮುನಿಸೂ ಅಲ್ಲ, ಕೈನೋವೂ ಅಲ್ಲ. ಜುಲೈಯಲ್ಲಿ ನಾನು ಏನು ಬರೆದೆ ನೆನಪಿಸಿಕೋ. ಮೆಣಸು ಬರೆಯದಿದ್ದರೆ ಮನೆಗೆ ಬಂದುಬಿಡುತ್ತೇನೆ ಅಂದೆ. ಅದನ್ನು ನೀನು ಬೆರಳಿಟ್ಟು, ಪದ ಬಿಡದೆ, ಮೂರು ಸಲ ಓದಿದೆ. ಆ ಮಗುವಿಗೆ ಇನ್ನೇನು ಬೇಕಿತ್ತು? ಅಮ್ಮನನ್ನು ಮನೆಗೆ ಕರೆಸುವ ದಾರಿಯನ್ನು ಅಮ್ಮನೇ ಬರೆದು ಕಳಿಸಿದ್ದಳು. ಮೂರೂವರೆ ತಿಂಗಳು, ಅಪ್ಪ! ಬರೆಯುವ ಆಸೆಯನ್ನೆಲ್ಲ ಹಲ್ಲು ಕಚ್ಚಿ ತಡೆದು, ಹದಿನಾಲ್ಕು ಪೆನ್ಸಿಲ್ ಬಚ್ಚಿಟ್ಟು, ನನಗಾಗಿ ಕಾದಿದ್ದಾಳೆ. ತಡೆಯಲಾಗದ್ದು ಡಬ್ಬಿಗಳ ಮೇಲೆ ಸೋರಿತು. ನಾವು ದೊಡ್ಡವರು ಕಣ್ಣಿನ ಡಾಕ್ಟರಿಗೆ ತೋರಿಸಿದೆವು.

ಕಾಗದವನ್ನು ಮೇಲೆ ಕ್ಯಾಬಿನ್ನಿನಲ್ಲಿ ಕೂತು ಓದಿದೆ. ಮೊದಲು ನಗು ಬಂತು. ಆಮೇಲೆ ಅಳು ಬಂದು ಲಿವರ್ ಕಾಣಿಸದಾಯಿತು. ಮೇಷ್ಟ್ರು ಇಳಿದು ಬಾ ಅಂದರು. ಕಾಗದ ಕೊಟ್ಟೆ. ಓದಿ, ಕನ್ನಡಕ ತೆಗೆದು ಒರೆಸಿಕೊಂಡು, “ಬರೆಯೋಕೆ ಬರಲ್ಲ ಅನ್ನೋದನ್ನ ಎಷ್ಟು ದುಂಡಗೆ ಬರೆದಿದಾಳಮ್ಮ!” ಅಂದರು. ರಾಜೀನಾಮೆಯನ್ನೂ ತೋರಿಸಿದೆ. ಅದನ್ನು ಓದದೆಯೇ ನಾಲ್ಕಾಗಿ ಹರಿದರು. “ನಾಲ್ಕು ದಿನ ರಜೆ. ಹೋಗಿ ಬಾ. ಬಾ ಅನ್ನೋದನ್ನ ಒತ್ತಿ ಹೇಳ್ತಿದೀನಿ.”

ನಾಲ್ಕೇ ದಿನ ಅಂತ ಅವಳಿಗೆ ನಾನೇ ಹೇಳುತ್ತೇನೆ, ಅವಳು ಅಳಬಹುದು, ನಾನೂ ಅಳುತ್ತೇನೆ. ಆದರೆ ಷರತ್ತನ್ನು ಈ ಸಲ ತಿರುಗಿಸಿ ಹಾಕುತ್ತೇನೆ. ಅವಳು ಹತ್ತು ಕಾಗದ ಬರೆದರೆ ಮತ್ತೆ ನಾಲ್ಕು ದಿನ ಬರುತ್ತೇನೆ ಅಂತ ಮೇಷ್ಟ್ರನ್ನು ಈಗಲೇ ಒಪ್ಪಿಸಿದ್ದೇನೆ. ಅಟ್ಟದಿಂದ ಬ್ರಷ್ಷು, ದಾರ ಎಲ್ಲ ಇಳಿಸು. ನೆರಳು ಕೊಡುತ್ತ ಕೂತರೂ ಕೂರಲಿ, ನನಗೆ ಅವಸರವಿಲ್ಲ.

ಇದರೊಳಗೆ ಅವಳಿಗೊಂದು ಚೀಟಿಯಿದೆ. ನೀನು ಓದಿ ಹೇಳಬೇಡ. ಕೈಗೆ ಕೊಟ್ಟು ಸುಮ್ಮನೆ ನಿಂತುಕೋ.

ನಿನ್ನ ಮಗಳು


ಮೆಣಸು,

ನಿನಗೆ ಬರೆಯೋಕೆ ಬರಲ್ಲ ಅಂತ ನೀನು ಬರೆದ ಕಾಗದ ಓದಿದೆ.

ಪೂರ್ತಿ ನಂಬಿದೆ.

ಶನಿವಾರ ಬರ್ತೀನಿ.

ಅಮ್ಮ